ಓಟದ ಖಿಲಾರಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ಘಟಪ್ರಭಾ, ಹಿರಣ್ಯಕೇಶಿ ಬಯಲಿನ ಗಾಡಿ ಶರ್ಯತ್ತುಗಳಲ್ಲಿ ಓಡುವ ಎತ್ತು, ಹೋರಿಗಳು ಬಹುಪಾಲು ಖಿಲಾರಿ ತಳಿಯವು. ಸೊಲ್ಲಾಪುರ, ಸಾಂಗಲಿ, ಸಾತಾರಾದಿಂದ ವಿಜಯಪುರ, ಬೆಳಗಾವಿವರೆಗೆ ಹಬ್ಬಿರುವ ಈ ದನದ ಮೂಲ ಮೈಸೂರು ಸೀಮೆಯ ಹಳ್ಳಿಕಾರ್ ಎಂದು ನಂಬಲಾಗಿದೆ. ಬೂದುಬಿಳಿ ಮೈ, ಬಿಗಿಯಾದ ಚರ್ಮ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೋಡು, ಗಟ್ಟಿ ಗೊರಸು. ಹಾಲು ಕಡಿಮೆ, ಸಿಟ್ಟು ಜಾಸ್ತಿ. ಬರಗಾಲದಲ್ಲೂ ಒಣ ಕಣಿಕೆ ತಿಂದು ದುಡಿಯುತ್ತದೆ.

ತಳಿಯನ್ನು ಕಾಪಾಡಿಕೊಂಡು ಬಂದವರು ದನಗಾರರು. ಔಂಧ್ ಸಂಸ್ಥಾನದ ಆಶ್ರಯದಲ್ಲಿ ಆಟಪಾಡಿ ಮಹಲ್ ಎಂಬ ಕವಲು ಹೆಸರು ಮಾಡಿತು; ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯೊಳಗೆ ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ರೇಸ್ ಕುದುರೆಯಾದ ಥರೋಬ್ರೆಡ್‌ಗೆ ಇಂಗ್ಲೆಂಡಿನಲ್ಲಿ 1791ರಿಂದಲೇ ಅಚ್ಚಾದ ವಂಶಾವಳಿಯಿದೆ. ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿ ಓಡುವ ಕುದುರೆಯ ತಾತ, ಮುತ್ತಾತ ಯಾರೆಂದು ಕಾಗದ ನೋಡಿ ಹೇಳಬಹುದು. ಆದರೆ ಶರ್ಯತ್ತಿನ ಹೋರಿಯ ವಂಶ ಉಳಿದಿರುವುದು ಸಾಕಿದವರ ಬಾಯಲ್ಲಿ: ಯಾವ ಊರ ಹೋರಿಯ ಕರು, ತಾಯಿ ಯಾರ ಕೊಟ್ಟಿಗೆಯದು. ಹೀಗಾಗಿ ಸಂತೆಯಲ್ಲಿ ಮಾತಿಗಿಂತ ಕಣ್ಣಿಗೇ ಬೆಲೆ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ಕಾಲು ನೋಡುತ್ತಾರೆ. ಎರಡು ಹಲ್ಲು ಎಂದರೆ ಸುಮಾರು ಎರಡೂವರೆ ವರ್ಷದ್ದು. ಇನ್ನೊಂದು ವ್ಯತ್ಯಾಸವೂ ಇದೆ: ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ನಿಷಿದ್ಧ, ಖಿಲಾರಿಗೆ ಅಂಥ ಕಟ್ಟಳೆಯಿಲ್ಲ.

ಶರ್ಯತ್ತು ನಡೆಯುವುದು ಹೆಚ್ಚಾಗಿ ಜಾತ್ರೆಯ ನೆಪದಲ್ಲಿ. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂದು ಕುದುರೆ ಒಂದು ಎತ್ತಿನ ಗಾಡಿ ಎಂದು ವಿಭಾಗಗಳಿರುತ್ತವೆ. ಕೊನೆಯದು ನೋಡಲು ಸೊಗಸು, ನಡಿಗೆಯೇ ಬೇರೆಯಾದ ಎರಡು ಪ್ರಾಣಿಗಳಿಗೆ ಮಾತ್ರ ಕಷ್ಟ. ಗೆದ್ದ ಹೋರಿಯ ಬೆಲೆ ಏರುತ್ತದೆ, ಅದರ ಕರುಗಳಿಗೂ ಗಿರಾಕಿ ಹುಟ್ಟುತ್ತಾರೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ದುಡ್ಡಿನಿಂದ ಟ್ರ್ಯಾಕ್ಟರ್ ಬಂತು. ಉಳುಮೆಯ ಎತ್ತಿಗೆ ಕೆಲಸ ತಪ್ಪಿತು. ಆಮೇಲೂ ಹೋರಿ ಕಟ್ಟುವವರು ಉಳಿದದ್ದಕ್ಕೆ ಶರ್ಯತ್ತಿನ ಹುಚ್ಚು ಮುಖ್ಯ ಕಾರಣ ಎನ್ನಬೇಕು.

ಈ ಹುಚ್ಚಿಗೆ ಕಾನೂನು ಅಡ್ಡ ಬಂತು. ಪ್ರದರ್ಶನಕ್ಕೆ ಪಳಗಿಸಬಾರದ ಪ್ರಾಣಿಗಳ ಪಟ್ಟಿಗೆ ಕೇಂದ್ರ ಸರ್ಕಾರ 2011ರ ಜುಲೈನಲ್ಲಿ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಗಾಡಿ ಓಟಗಳನ್ನು ತಡೆಯಿತು. ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿ ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು. ಕಂಬಳದ ಸದ್ದಿನಲ್ಲಿ ಈ ಎರಡನೆಯ ಮಾತು ರಾಜಧಾನಿಯ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ತಿದ್ದುಪಡಿಗೆ 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ಕಾಯ್ದೆಗಳೊಂದಿಗೆ ಇದನ್ನೂ ಎತ್ತಿಹಿಡಿಯಿತು.