ಪ್ರವೇಶಾಧಿಕಾರ ನಿರ್ವಹಣೆ (ಉಡುಪು ಅಭಿವೃದ್ಧಿ ತಂತ್ರಾಂಶ)

ಉಡುಪಿನ ವಿನ್ಯಾಸದಿಂದ ಉತ್ಪಾದನೆಯವರೆಗಿನ ಮಾಹಿತಿಯನ್ನು ಕಾಯ್ದಿಡುವ ಪಿಎಲ್‌ಎಂ (ಪ್ರಾಡಕ್ಟ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್) ತಂತ್ರಾಂಶಗಳಲ್ಲಿ ಯಾರು ಒಳಬರಬಹುದು, ಏನನ್ನು ನೋಡಬಹುದು, ಯಾವುದನ್ನು ತಿದ್ದಬಹುದು ಎಂದು ಗೊತ್ತುಮಾಡುವ ವ್ಯವಸ್ಥೆ. ಸೆಂಟ್ರಿಕ್, ಫ್ಲೆಕ್ಸ್‌ಪಿಎಲ್‌ಎಂ ಈ ಬಗೆಯ ತಂತ್ರಾಂಶಗಳು. ಸಾಮಾನ್ಯವಾಗಿ ಅಧಿಕಾರವನ್ನು ಹೆಸರಿಗಿಂತ ಹುದ್ದೆಗೆ ಕಟ್ಟುತ್ತಾರೆ. ಪ್ಯಾಟರ್ನ್ ಮಾಸ್ಟರ್ ಅಳತೆಪಟ್ಟಿ ತಿದ್ದುತ್ತಾರೆ, ಮರ್ಚಂಡೈಸರ್ ವೆಚ್ಚ ತುಂಬುತ್ತಾರೆ. ಹೊರಗಿನ ಕಾರ್ಖಾನೆಗೆ ತನಗೆ ವಹಿಸಿದ ಸ್ಟೈಲ್‌ನ ಟೆಕ್ ಪ್ಯಾಕ್ (ತಯಾರಿಕೆಯ ವಿವರಪತ್ರ) ಸಾಕು. ಪ್ರತಿಸ್ಪರ್ಧಿ ಕಾರ್ಖಾನೆ ಕೊಟ್ಟ ದರ ಅದರ ಕಣ್ಣಿಗೆ ಬಿದ್ದರೆ ಚೌಕಾಸಿಯೇ ಕೆಟ್ಟಂತೆ.

   

ತಂತ್ರಾಂಶದಲ್ಲಿ ನಿಜವಾದ ತೊಡಕು ಹಂಚಿಕೊಂಡ ಲಾಗಿನ್. ಸ್ಯಾಂಪಲ್ ವಿಭಾಗದವರೆಲ್ಲ ಒಂದೇ ಪಾಸ್‌ವರ್ಡ್ ಬಳಸಿದರೆ ಕಾಲರ್ ಅಳತೆ ಬದಲಿಸಿದವರು ಯಾರೆಂದು ದಾಖಲೆ ಹೇಳಲಾರದು. ಸಿಂಗಲ್ ಸೈನ್‌ಆನ್ (ಒಬ್ಬರಿಗೆ ಎಲ್ಲ ತಂತ್ರಾಂಶಗಳಿಗೂ ಒಂದೇ ಲಾಗಿನ್) ಅಳವಡಿಸಿದ್ದರೆ ಕೆಲಸ ಬಿಟ್ಟವರ ಪ್ರವೇಶವನ್ನು ಒಂದೇ ಕಡೆಯಿಂದ ನಿಲ್ಲಿಸಬಹುದು. ಗುತ್ತಿಗೆ ಕಾರ್ಖಾನೆಯವರ ಖಾತೆಗಳು ಮಾತ್ರ ಹಲವೆಡೆ ಇದರ ಹೊರಗೇ ಉಳಿಯುತ್ತವೆ. ಅವನ್ನು ಸೀಸನ್ ಮುಗಿದಾಗ ಕೈಯಾರೆ ತಪಾಸಣೆ ಮಾಡಬೇಕು.