ನಮ್ಮ ಮನೆಯ ಫೋಟೋ ಎಲ್ಲಿದೆ?

ನನಗಿಂತ ಮೊದಲು ನಮ್ಮವ್ವನಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಎರಡು ವರ್ಷ ಬದುಕಿ ಜ್ವರದಲ್ಲಿ ತೀರಿಕೊಂಡಿತು. ಆಕೆಯದು ಒಂದು ಫೋಟೋನೂ ಇಲ್ಲ. 'ಅಕ್ಕ ಹ್ಯಾಂಗಿದ್ಲವ್ವಾ?' ಅಂತ ಕೇಳಿದರೆ 'ನಿನ್ನಂಗ ಇದ್ಲು' ಅಂತಾಳೆ ಅವ್ವ. ಇನ್ನೊಂದು ಸಲ ಕೇಳಿದರೆ 'ನಮ್ಮವ್ವನಂಗ ಇದ್ಲು' ಅಂತಾಳೆ. ವರ್ಷ ಕಳೆದಂತೆ ಆ ಮುಖ ಹೆತ್ತವಳ ನೆನಪಿನಿಂದಲೂ ಜಾರುತ್ತಿದೆ.

ಬಿ.ಎ. ಮುಗಿಸಿ ಬೇರೆ ಕೆಲಸ ಸಿಗದೆ ನಾನು ಫೋಟೋಗ್ರಾಫರರೊಬ್ಬರ ಕೈಕೆಳಗೆ ಸೇರಿಕೊಂಡೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರು ತಿರುಗಿ ತೊಟ್ಟಿಲ ಕಾರ್ಯ, ಜಾವಳ, ಕುಬಸ, ಮೊದಲ ಹುಟ್ಟುಹಬ್ಬದ ಫೋಟೋ ತೆಗೆಯುವುದು ನಮ್ಮ ಕಸುಬು. ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ ಸುತ್ತ ಹೂ ಹರಡುತ್ತೇವೆ. ತಲೆಗೆ ಕೃಷ್ಣನ ಕಿರೀಟ ಇಡುತ್ತೇವೆ. ಕೂಸು ಅಳ್ತದ, ನಾವು ಗಿಲಕಿ ಆಡಿಸ್ತೀವಿ. ಹೀಗೆ ಮಂದಿಯ ಮಕ್ಕಳನ್ನು ನಗಿಸುತ್ತ ನಿಂತಾಗಲೇ ನನ್ನೊಳಗೆ ಈ ಪ್ರಶ್ನೆ ಎದ್ದದ್ದು: ನಮ್ಮ ಕೇರಿಯ ಮಕ್ಕಳ ಮುಖಗಳು ಎಲ್ಲಿ ಹೋದವು?

ಕ್ಯಾಮೆರಾ ನಮ್ಮನ್ನು ನೋಡಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನೋಡಿತು. ಯಾವ ಕಣ್ಣಿನಿಂದ ನೋಡಿತು ಅನ್ನೋದನ್ನ ಕೇಳಬೇಕು.

ಫೋಟೋ ತೆಗೆಯುವ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಸಾರಿದ್ದು 1839ರಲ್ಲಿ. 1854ರ ಹೊತ್ತಿಗೆ ಮುಂಬಯಿಯಲ್ಲಿ ಫೋಟೋಗ್ರಾಫರರ ಸಂಘವೇ ಹುಟ್ಟಿತ್ತು. ನಮ್ಮ ಬೆಳಗಾವಿ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಮುಂಬಯಿಯ ವಿಲಿಯಂ ಜಾನ್ಸನ್ ಎಂಬ ಫೋಟೋಗ್ರಾಫರ್ 1863 ಮತ್ತು 1866ರಲ್ಲಿ, ಆ ನಗರದಲ್ಲಿ ಕಂಡ ಜಾತಿ ಪಂಗಡಗಳ ಚಿತ್ರಗಳ ಎರಡು ಸಂಪುಟ ತಂದ. ಜನರನ್ನು ಒಂದು ಕಡೆ ನಿಲ್ಲಿಸಿ ಫೋಟೋ ತೆಗೆದು, ಇನ್ನೊಂದು ಕಡೆಯ ದೃಶ್ಯದ ಮೇಲೆ ಅಂಟಿಸಿದ ಚಿತ್ರಗಳು ಅದರಲ್ಲಿವೆ. ಮನುಷ್ಯರನ್ನು ಅವರ ನೆಲದಿಂದ ಕತ್ತರಿಸಿ ತೆಗೆಯುವುದು ಆಗಲೇ ಸುರುವಾಗಿತ್ತು.

ಆಮೇಲೆ ಸರಕಾರವೇ ಈ ಕೆಲಸಕ್ಕೆ ಇಳಿಯಿತು. 1857ರ ದಂಗೆ ಕಂಡ ಆಳುವವರಿಗೆ ಪ್ರಜೆಗಳ ಗುರುತು ಬೇಕಾಗಿತ್ತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ 8 ಸಂಪುಟಗಳು ಬಂದವು. ಅದರಲ್ಲಿ 400ಕ್ಕೂ ಹೆಚ್ಚು ಫೋಟೋ. ಬಹುಪಾಲು ಫೋಟೋಗಳ ಕೆಳಗೆ ಜಾತಿಯ ಹೆಸರಿದೆ, ಮನುಷ್ಯನ ಹೆಸರಿಲ್ಲ. 1909ರಲ್ಲಿ ಮದರಾಸಿನಿಂದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 7 ಸಂಪುಟ ತಂದ. ಆತ ಫೋಟೋ ತೆಗೆಸಿದ್ದಲ್ಲದೆ ಜನರ ತಲೆ, ಮೂಗು ಅಳೆದು ಬರೆದಿಟ್ಟ. ನಮ್ಮ ಹೆಸರು ಕೇಳುವ ಮೊದಲು ನಮ್ಮ ಮೂಗು ಅಳೆದರು.

ಅದೇ ಕಾಲದಲ್ಲಿ ರಾಜರು, ಜಮೀನುದಾರರು, ವಕೀಲರು ಹೆಂಡತಿ ಮಕ್ಕಳನ್ನು ಮಗ್ಗುಲಿಗೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡರು. ಅವರ ಫೋಟೋ ವಂಶದ ದಾಖಲೆಯಾಯಿತು. ನಮ್ಮದು ಜಾತಿಯ ನಮೂನೆಯಾಯಿತು. ನಮಗೂ ಅವ್ವ ಅಪ್ಪ ಇದ್ದರು, ನಮ್ಮ ಕೂಸುಗಳೂ ನಗುತ್ತಿದ್ದವು ಅನ್ನೋದಕ್ಕೆ ಆ ಸಂಪುಟಗಳಲ್ಲಿ ಎಷ್ಟು ಜಾಗ ಸಿಕ್ಕಿತು?

ಇದಕ್ಕೆ ಎದುರು ನಿಲ್ಲುವ ಒಂದು ಫೋಟೋ ಇದೆ. 1934ರಲ್ಲಿ ಮುಂಬಯಿಯ ರಾಜಗೃಹದಲ್ಲಿ ತೆಗೆದದ್ದು. ಬಾಬಾಸಾಹೇಬ ಅಂಬೇಡ್ಕರ್, ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಜೊತೆಗೆ ಟಾಬಿ ಅನ್ನೋ ನಾಯಿ. ಮನೆಯವರೆಲ್ಲ ಸೇರಿದಾಗ ನಾಯಿಯೂ ಬಂದು ನಿಂತರೆ ಅದು ಮನೆತನದ ಫೋಟೋ ಅನ್ನೋದರಲ್ಲಿ ಅನುಮಾನ ಉಂಟೇ? ಇಲ್ಲಿ ಯಾರ ಮೂಗನ್ನೂ ಯಾರೂ ಅಳೆದಿಲ್ಲ.

ಆದರೆ ಆ ಫೋಟೋದಲ್ಲಿ ಇಲ್ಲದವರನ್ನೂ ನಾವು ನೋಡಬೇಕು. ಗಂಗಾಧರ, ರಮೇಶ, ಇಂದು, ರಾಜರತ್ನ ಈ ನಾಲ್ಕು ಮಕ್ಕಳು ಎಳೆಯರಿದ್ದಾಗಲೇ ತೀರಿಕೊಂಡಿದ್ದರು. ಉಳಿದವರು ಯಶವಂತ ಒಬ್ಬರೇ. ಫೋಟೋ ತೆಗೆದ ಮರುವರ್ಷ, 1935ರ ಮೇ 27ಕ್ಕೆ, ರಮಾಬಾಯಿಯೂ ಹೋದರು. ಆ ಫೋಟೋ ನೋಡಿದಾಗೆಲ್ಲ ನನಗೆ ನಮ್ಮಕ್ಕನ ನೆನಪಾಗುತ್ತದೆ. ಬಡತನ ಮಗುವನ್ನು ಒಯ್ಯುತ್ತದೆ, ಆಮೇಲೆ ಅದರ ಗುರುತನ್ನೂ ಒಯ್ಯುತ್ತದೆ.

1925ರ ಏಪ್ರಿಲಿನಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದಿದ್ದರು. ನಮ್ಮ ತಾಲೂಕಿನ ಸಂಕೇಶ್ವರ ದಾಟಿ ಹೋದರೆ ನಿಪ್ಪಾಣಿ. ಅವರು ನಮ್ಮ ಸೀಮೆಗೆ ಬಂದು ಹೋಗಿ 50 ವರ್ಷ ದಾಟಿದ ಮೇಲಿನ ಮಾತು ಇದು. ನಮ್ಮ ದೊಡ್ಡಪ್ಪ ಹಾಸ್ಟೆಲ್ ಅರ್ಜಿಗೆ ಫೋಟೋ ತೆಗೆಸಲು ಪ್ಯಾಟಿಯ ಒಂದು ಸ್ಟುಡಿಯೋಗೆ ಹೋಗಿದ್ದ. ಅಲ್ಲಿ ಗೂಟಕ್ಕೆ ಒಂದು ಕೋಟು ತೂಗುಹಾಕಿದ್ದರು. ಬಂದ ಹುಡುಗರೆಲ್ಲ ಅದನ್ನೇ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೊಡ್ಡಪ್ಪನ ಸರದಿ ಬಂದಾಗ, 'ಯಾವ ಓಣಿಯಾವ್ಲೇ ನೀ?' ಅಂತ ಕೇಳಿದರಂತೆ. ಓಣಿ ಹೇಳಿದ. 'ಹಂಗ ನಿಂದ್ರು' ಅಂದರಂತೆ. ಆ ಫೋಟೋದಲ್ಲಿ ದೊಡ್ಡಪ್ಪ ಹರಿದ ಅಂಗಿಯಲ್ಲೇ ನಿಂತಿದ್ದಾನೆ. ಬಾವಿಯಲ್ಲಿ, ಗುಡಿಯಲ್ಲಿ ಇದ್ದ ಮೈಲಿಗೆ ಆ ಕೋಟಿಗೂ ಇತ್ತು.

ಆ ಹೊತ್ತಿಗೆ ದೇಶದಲ್ಲೇ ಫಿಲ್ಮು ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಊಟಿಯ ಸರಕಾರಿ ಕಾರ್ಖಾನೆಯಿಂದ 'ಇಂದು' ಎಂಬ ಕಪ್ಪು ಬಿಳುಪು ಫಿಲ್ಮು ಬರುತ್ತಿತ್ತು. ಮೈಸೂರಿನ ಟಿ.ಎಸ್. ಸತ್ಯನ್ ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಫೋಟೋಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನಮ್ಮ ನಾಡಿನ ಒಬ್ಬರು ಸಾಮಾನ್ಯರ ಮಕ್ಕಳನ್ನು ಮಕ್ಕಳಾಗಿಯೇ ನೋಡಿದರಲ್ಲ ಅನ್ನೋದು ಸಮಾಧಾನ. ಆದರೆ ದಿನಗೂಲಿಯವರ ಮನೆಗೆ ಫೋಟೋ ಆಗಲೂ ಬರಲಿಲ್ಲ. ರೊಟ್ಟಿಗೇ ಹಿಟ್ಟಿಲ್ಲದಾಗ ಫೋಟೋ ಯಾರು ತೆಗೆಸ್ತಾರ?

ನಮ್ಮ ಮನೆಗೆ ಫೋಟೋ ತಂದದ್ದು ಸರಕಾರದ ಚೀಟಿ. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆಲ್ಲ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿತು. ನಮ್ಮ ಆಯಿ ಜೀವನದಲ್ಲಿ ಮೊದಲ ಸಲ ಕ್ಯಾಮೆರಾ ಎದುರು ಕುಂತದ್ದು ಆ ಚೀಟಿಗಾಗಿ. ಎರಡನೇ ಸಲ ಕುಂತದ್ದು ರೇಶನ್ ಕಾರ್ಡಿಗೆ. ಆಯಿ, ಅಪ್ಪ, ಅವ್ವ, ಆಯಿಯ ತೊಡೆ ಮೇಲೆ ನಾನು. ನಮ್ಮ ಮನೆಮಂದಿಯೆಲ್ಲ ಒಟ್ಟಿಗಿರುವ ಫೋಟೋ ಅದೊಂದೇ. ಯಾರೂ ನಕ್ಕಿಲ್ಲ. ಅಕ್ಕಿಗಾಗಿ ನಿಂತವರಿಗೆ ನಗಬೇಕು ಅಂತ ಯಾರು ಹೇಳ್ತಾರ?

ಆಯಿ ಸತ್ತಾಗ ಗ್ವಾಡಿಗೆ ಹಾಕಲು ಫೋಟೋ ಬೇಕಾಯಿತು. ರೇಶನ್ ಕಾರ್ಡಿನಿಂದಲೇ ಆಕೆಯ ಮುಖ ಕತ್ತರಿಸಿ ದೊಡ್ಡದು ಮಾಡಿಸಿದೆವು. ಇವತ್ತೂ ಆ ಫೋಟೋದ ಕೆಳಗಿನ ಅಂಚಿನಲ್ಲಿ ಒಂದು ಕರೀ ಗುಡ್ಡೆ ಕಾಣುತ್ತದೆ. ಅದು ನನ್ನ ತಲೆ.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಇನ್ನೇನು ತಕರಾರು ಅಂತ ಗೆಳೆಯರು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. ಗೋಕಾಕದಿಂದ ಬೇರೆಯಾಗಿ ಈಗ ತಾಲೂಕಾಗಿರುವ ಮೂಡಲಗಿಯ ಕಡೆ, ನಮ್ಮವರ ಮನೆಯೊಂದಕ್ಕೆ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಕೂಲಿ ಹಣದಲ್ಲಿ ಕೂಡಿಟ್ಟು ಕರೆಸಿದ್ದರು. ನಮ್ಮಲ್ಲಿ ಹಿಂದೆ ಒಂದು ಬಣ್ಣದ ಪರದೆ ಕಟ್ಟುವುದು ರೂಢಿ. ಗ್ವಾಡಿಯ ಬಿರುಕು, ಹೊಗೆ ಕಾಣಬಾರದಲ್ಲ. ನಾನು ಪರದೆ ಬಿಚ್ಚುವುದನ್ನು ನೋಡಿ ಕೂಸಿನ ತಾಯಿ ಅಂದಳು: 'ತಮ್ಮಾ, ಅರಬಿ ಕಟ್ಟಬ್ಯಾಡಪಾ. ಅಲ್ಲಿ ಬಾಬಾಸಾಹೇಬರ ಫೋಟೋ ಐತಿ, ಅವರೂ ಬರೂ ಹಂಗ ತಗಿ.'

ಜಾನ್ಸನ್ ಅಂಟಿಸಿದ ದೃಶ್ಯಕ್ಕೂ ನನ್ನ ಪರದೆಗೂ ಏನು ಫರಕು ಉಳಿದಿತ್ತು? ನಾಚಿಕೆಯಾಯಿತು. ಪರದೆ ಮಡಚಿಟ್ಟೆ. ಬಿರುಕು ಬಿಟ್ಟ ಗ್ವಾಡಿ, ಬಾಬಾಸಾಹೇಬರು, ಅವ್ವ, ಅಪ್ಪ, ಕೂಸು ಎಲ್ಲ ಬಂದ ಹಾಗೆ ತೆಗೆದೆ.

ಆದ್ದರಿಂದ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಮಾತು. ಕೇರಿಗೆ ಹೋದಾಗ ಹಳೆಯ ಫೋಟೋ ಕೇಳಿರಿ. ಟ್ರಂಕಿನ ತಳದಲ್ಲಿ, ಚೀಟಿ ಪುಸ್ತಕದ ನಡುವೆ ಇರುತ್ತವೆ. ಕೇಳದೆ ಒಯ್ಯಬೇಡಿರಿ, ಮೊಬೈಲಿನಲ್ಲಿ ನಕಲು ತೆಗೆದು ಅಲ್ಲೇ ವಾಪಸು ಕೊಡಿರಿ. ಅದರಲ್ಲಿ ಇರುವವರ ಹೆಸರು, ಊರು, ವರ್ಷ ಬರೆದಿಡಿರಿ. ಹೆಂಗಸರನ್ನು 'ಇಂಥವರ ಹೆಂಡತಿ' ಅಂತ ಬರೆಯದೆ ಅವರ ಹೆಸರಿನಿಂದಲೇ ಬರೆಯಿರಿ. ಹೆಸರಿಲ್ಲದೆ ಉಳಿದರೆ ಅವು ಮತ್ತೆ ನಮೂನೆಗಳೇ ಆಗುತ್ತವೆ.

ನಾನು ಒಂದು ವಹಿ ಇಟ್ಟಿದ್ದೇನೆ. ಆಯಿಯ ಫೋಟೋ, ದೊಡ್ಡಪ್ಪನ ಫೋಟೋ ಅದರಲ್ಲಿವೆ. ಒಂದು ಹಾಳೆ ಖಾಲಿ ಬಿಟ್ಟು ಅದರ ಕೆಳಗೆ ನಮ್ಮಕ್ಕನ ಹೆಸರು ಬರೆದಿದ್ದೇನೆ.