ಅಂತಿಯೋಕ್ಯದ ಆದಿ ಬಿಷಪರು

ಇಂದಿನ ತುರ್ಕಿಯ ಅಂತಾಕ್ಯವೇ ಪ್ರಾಚೀನ ಅಂತಿಯೋಕ್ಯ. ಕ್ರಿ.ಪೂ. 300ರಲ್ಲಿ ಸೆಲ್ಯೂಕಸ್ ನಿಕೇಟರ್ ಒರಾಂಟಿಸ್ ನದಿಯ ದಂಡೆಯಲ್ಲಿ ಸ್ಥಾಪಿಸಿದ ಈ ನಗರ ಮುಂದೆ ರೋಮನ್ನರ ಸಿರಿಯಾ ಪ್ರಾಂತದ ರಾಜಧಾನಿಯಾಯಿತು. ಯೇಸುವಿನ ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದುದು ಇಲ್ಲಿಯೇ ಎಂದು ಬೈಬಲಿನ 'ಅಪೊಸ್ತಲರ ಕೃತ್ಯಗಳು' ಭಾಗ ತಿಳಿಸುತ್ತದೆ. ಬಿಷಪ್ ಎಂಬುದರ ಮೂಲವಾದ ಗ್ರೀಕ್ ಪದ 'ಎಪಿಸ್ಕೊಪೊಸ್'. ಮೇಲ್ವಿಚಾರಕ ಎಂದು ಅದರ ಅರ್ಥ. ಈ ಮೇಲ್ವಿಚಾರಣೆ ಯಾವುದರದು ಎಂಬ ಪ್ರಶ್ನೆಗೆ ಅಂತಿಯೋಕ್ಯದ ಚರಿತ್ರೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ.

ನಾಲ್ಕನೆಯ ಶತಮಾನದ ಇತಿಹಾಸಕಾರ ಯೂಸೇಬಿಯಸ್ ಎವೋಡಿಯಸನನ್ನು ಇಲ್ಲಿನ ಮೊದಲ ಬಿಷಪನೆಂದೂ ಇಗ್ನೇಷಿಯಸನನ್ನು ಎರಡನೆಯವನೆಂದೂ ಹೆಸರಿಸುತ್ತಾನೆ. ಎವೋಡಿಯಸನದು ಬಹುಮಟ್ಟಿಗೆ ಬರಿಯ ಹೆಸರು. ಇಗ್ನೇಷಿಯಸನದಾದರೋ, ಬಹುಪಾಲು ವಿದ್ವಾಂಸರು ಅವನವೇ ಎಂದು ಒಪ್ಪುವ ಏಳು ಪತ್ರಗಳು ಉಳಿದಿವೆ. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ (ಕ್ರಿ.ಶ. 98-117) ಬಂಧಿತನಾಗಿ, ಹತ್ತು ಸೈನಿಕರ ಕಾವಲಿನಲ್ಲಿ ರೋಮಿಗೆ ಸಾಗುವಾಗ ಸ್ಮುರ್ನದಿಂದ ನಾಲ್ಕನ್ನೂ ತ್ರೋವದಿಂದ ಮೂರನ್ನೂ ಆತ ಬರೆದನು. ಬಿಷಪ್, ಹಿರಿಯರು, ಸಭಾಸೇವಕರು ಎಂಬ ಮೂರು ಶ್ರೇಣಿಗಳು ಇವುಗಳಲ್ಲಿ ಸ್ಪಷ್ಟವಾಗಿವೆ. ಬಿಷಪನನ್ನು ಬಿಟ್ಟು ಸಭೆಯಲ್ಲಿ ಏನನ್ನೂ ಮಾಡಲಾಗದೆಂಬುದು ಅವನ ಆಗ್ರಹ. ಆದರೆ ರೋಮಿನವರಿಗೆ ಬರೆದ ಪತ್ರದಲ್ಲಿ ಅಲ್ಲಿಯ ಬಿಷಪನ ಪ್ರಸ್ತಾಪವೇ ಇಲ್ಲ. ಏಕಾಧ್ಯಕ್ಷ ಪದ್ಧತಿ ಎಲ್ಲೆಡೆ ಏಕಕಾಲಕ್ಕೆ ನೆಲೆಗೊಳ್ಳಲಿಲ್ಲವೆಂಬ ವಾದಕ್ಕೆ ಇದೊಂದು ಆಧಾರ. ತನ್ನನ್ನು ಬಿಡಿಸಲು ಯತ್ನಿಸಬೇಡಿರೆಂದೇ ಆತ ಅವರನ್ನು ಬೇಡುತ್ತಾನೆ.

ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಬಿಷಪನಾದ ಥಿಯೋಫಿಲಸ್, ಆಟೊಲೈಕಸ್ ಎಂಬ ಅನ್ಯಮತೀಯನನ್ನು ಉದ್ದೇಶಿಸಿ ಮೂರು ಪುಸ್ತಕಗಳನ್ನು ರಚಿಸಿದನು. ದೇವರನ್ನು ಕುರಿತು 'ಟ್ರಿಯಾಸ್' (ತ್ರಯ) ಎಂಬ ಪದದ ಪ್ರಯೋಗ, ಉಳಿದಿರುವ ಕ್ರೈಸ್ತ ಬರಹಗಳಲ್ಲಿ ಮೊದಲು ಕಾಣುವುದು ಇವುಗಳಲ್ಲಿಯೇ. ಆ ಶತಮಾನದ ಕೊನೆಗೆ ಬಂದ ಸೆರಾಪಿಯನ್, ಪೇತ್ರನ ಹೆಸರಿನ ಸುವಾರ್ತೆಯನ್ನು ರೋಸಸ್ ಊರಿನ ಸಭೆಯವರು ಓದಲು ಮೊದಲು ಸಮ್ಮತಿಸಿ, ತಾನೇ ಓದಿ ನೋಡಿದ ಬಳಿಕ ಅದರ ದೋಷಗಳನ್ನು ಎತ್ತಿ ತೋರಿಸಿದನು. ಇಲ್ಲಿ ಬಿಷಪನು ಗ್ರಂಥಪರೀಕ್ಷಕ.

ಮೂರನೆಯ ಶತಮಾನದ ಸಮೋಸಾಟದ ಪೌಲನದು ಬೇರೆಯ ಕಥೆ. ಕ್ರಿಸ್ತನ ಸ್ವರೂಪವನ್ನು ಕುರಿತ ಅವನ ಬೋಧನೆಯನ್ನು ಖಂಡಿಸಿ, ಸುಮಾರು 268ರಲ್ಲಿ ಸೇರಿದ ಬಿಷಪರ ಸಮ್ಮೇಳನ ಅವನನ್ನು ಪದಚ್ಯುತಗೊಳಿಸಿತು. ಎತ್ತರದ ಪೀಠ, ಐಶ್ವರ್ಯ, ಆಡಂಬರಗಳ ಆರೋಪವೂ ಅವನ ಮೇಲಿತ್ತು. ಈ ಚಿತ್ರ ನಮಗೆ ದೊರೆತಿರುವುದು ಅವನ ವಿರೋಧಿಗಳ ಪತ್ರದಿಂದ ಎಂಬುದನ್ನು ಮರೆಯಬಾರದು. ಆತ ಚರ್ಚಿನ ಕಟ್ಟಡವನ್ನು ತೆರವು ಮಾಡಲೊಪ್ಪಲಿಲ್ಲ. ವ್ಯಾಜ್ಯ ಅರೇಲಿಯನ್ ಚಕ್ರವರ್ತಿಯ ಮುಂದೆ ಹೋಯಿತು. ಇಟಲಿಯ ಮತ್ತು ರೋಮಿನ ಬಿಷಪರು ಯಾರೊಡನೆ ಪತ್ರವ್ಯವಹಾರ ಇಟ್ಟುಕೊಂಡಿರುವರೋ ಅವರಿಗೆ ಕಟ್ಟಡ ಸಲ್ಲಬೇಕೆಂದು, ಸ್ವತಃ ಕ್ರೈಸ್ತನಲ್ಲದ ಆ ಚಕ್ರವರ್ತಿ ತೀರ್ಪಿತ್ತನು.

ಇಗ್ನೇಷಿಯಸನನ್ನು ಸೈನಿಕರ ವಶಕ್ಕೆ ಕೊಟ್ಟ ಅದೇ ರಾಜ್ಯಾಧಿಕಾರ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಅವನ ಪೀಠದ ಹಕ್ಕುದಾರರು ಯಾರೆಂಬುದನ್ನು ನಿರ್ಣಯಿಸಿತು. ಕ್ರೈಸ್ತ ಧರ್ಮಕ್ಕೂ ಸಾಮ್ರಾಜ್ಯಕ್ಕೂ ಏರ್ಪಟ್ಟ ನಂಟನ್ನು ಕಾನ್‌ಸ್ಟಂಟೈನನಿಂದಲೇ ಆರಂಭಿಸುವುದು ವಾಡಿಕೆ. ಆ ನಂಟಿನ ಬಾಗಿಲನ್ನು ಅವನಿಗಿಂತ ಮೊದಲೇ ತಟ್ಟಿದವರು ಅಂತಿಯೋಕ್ಯದ ಕ್ರೈಸ್ತರು.